ಕೆಂದಿ ಕರು ಹಾಕಿದ ದಿನ

ನನ್ನ ಬೀರುವಿನಲ್ಲಿ, ಇನ್ಶೂರೆನ್ಸ್ ಕಾಗದಗಳ ಅಡಿಯಲ್ಲಿ, ನೂರು ಪುಟದ ಒಂದು ನೋಟ್ ಬುಕ್ ಇದೆ. ಮೊನ್ನೆ ಇನ್ನೇನನ್ನೋ ಹುಡುಕಲು ಹೋದ ನನ್ನ ಹೆಂಡತಿ ಅದನ್ನು ಈಚೆಗೆ ತೆಗೆದು, ನಿಂತಲ್ಲೇ ಎರಡು ಹಾಳೆ ಓದಿದಳು. ಓದಿ ಅಡುಗೆಮನೆಗೆ ಹೋಗಿ ಕುಕ್ಕರಿನ ಮುಚ್ಚಳವನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಕುಕ್ಕಿದಳು. ಏನಾಯಿತು ಅಂತ ಕೇಳಲು ಹೋದೆ. ಹೋಗಬಾರದಿತ್ತು.

“ಯಾವನೋ ಇಂಗ್ಲೆಂಡಲ್ಲಿ ಗಿಟಾರ್ ಬಾರಿಸೋನು. ಅವನು ಹುಟ್ಟಿದ ತಾರೀಕು, ವಾರ, ಗಂಟೆ ಎಲ್ಲಾ ಬರ್ಕೊಂಡಿದೀರಲ್ಲ. ನನ್ನ ಹುಟ್ಟುಹಬ್ಬ ಯಾವತ್ತು ಅಂತ ಮಾತ್ರ ಮಗಳಿಗೆ ಫೋನ್ ಮಾಡಿ ಕೇಳಿದ್ರಂತೆ?”

ಕೇಳಿದ್ದು ನಿಜ. ಮಗಳು ಹೇಳಿಕೊಟ್ಟದ್ದೂ ನಿಜ, ಆಮೇಲೆ ತಾಯಿಗೆ ಚಾಡಿ ಹೇಳಿದ್ದೂ ನಿಜ. ನಾನು ಲೆಕ್ಕದ ಮೇಷ್ಟ್ರು. ಮನೆ ಹಾಸನದಲ್ಲಿ, ಸ್ಕೂಲು ಚನ್ನರಾಯಪಟ್ಟಣದಲ್ಲಿ, ಮಿಕ್ಕ ಆಯಸ್ಸು ಇವೆರಡರ ನಡುವಿನ ಬಸ್ಸಿನಲ್ಲಿ. ಸಂಖ್ಯೆಗಳು ನನ್ನ ತಲೆಯಲ್ಲಿ ಚೆನ್ನಾಗಿಯೇ ನಿಲ್ಲುತ್ತವೆ. ಯಾವ ಸಂಖ್ಯೆ ನಿಲ್ಲಬೇಕು ಅನ್ನುವುದು ಮಾತ್ರ ನನ್ನ ಕೈಯಲ್ಲಿಲ್ಲ.

ಈ ನೋಟ್ ಬುಕ್ಕು ಶುರುವಾದದ್ದು ಕಡಲೆಕಾಯಿಯಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಹಾಸನದ ಬಸ್ ಸ್ಟ್ಯಾಂಡಿನ ಹತ್ತಿರ ಹುರಿದ ಕಡಲೆಕಾಯಿ ಮಾರುವ ಒಬ್ಬ ಸಾಬರಿದ್ದರು. ಅವರು ಪೊಟ್ಟಣ ಕಟ್ಟುತ್ತಿದ್ದದ್ದು ಸಾಮಾನ್ಯ ಪೇಪರಿನಲ್ಲಲ್ಲ. ಮೇಲುಗಡೆಯ ಕಾಫಿ ಎಸ್ಟೇಟಿನ ಬಂಗಲೆಗಳಿಂದ ತೂಕಕ್ಕೆ ಬಂದ ಇಂಗ್ಲಿಷ್ ಪತ್ರಿಕೆಗಳ ನುಣುಪು ಹಾಳೆಗಳಲ್ಲಿ. ಕಡಲೆಕಾಯಿ ಮುಗಿಸಿ ಪೊಟ್ಟಣ ಬಿಡಿಸಿದರೆ ಒಳಗೊಬ್ಬ ಬಿಳಿಯ. ಭುಜದವರೆಗೆ ಕೂದಲು, ಕೈಯಲ್ಲಿ ಗಿಟಾರು, ಮುಖದ ತುಂಬಾ ಉಪ್ಪು. ಕೆಳಗೆ ಸಣ್ಣ ಅಕ್ಷರದಲ್ಲಿ ಅವನು ಹುಟ್ಟಿದ ದಿನ ಮತ್ತು ಊರು. ಅವನ ಹಾಡು ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ, ಕೇಳುವ ದಾರಿಯೂ ಇರಲಿಲ್ಲ. ಇದ್ದದ್ದು ತಾರೀಕು ಒಂದೇ. ಅದನ್ನು ಬರೆದುಕೊಂಡೆ. ಹೀಗೆ, ಒಂದು ಹಾಡನ್ನೂ ಕೇಳದೆ ಪ್ರಪಂಚದ ಅರ್ಧ ರಾಕ್ ಸಂಗೀತಗಾರರ ಜನನವನ್ನು ದಾಖಲು ಮಾಡಿದ ಕೀರ್ತಿ ನಮ್ಮ ಜಿಲ್ಲೆಯಲ್ಲಿ ನನಗೊಬ್ಬನಿಗೇ ಸಲ್ಲಬೇಕು.

ತಾರೀಕುಗಳು ಒಂದಷ್ಟು ಸೇರಿದ ಮೇಲೆ, ಲೆಕ್ಕದವನ ಚಟ, ಅವುಗಳನ್ನು ಒಂದರ ಕೆಳಗೊಂದು ಜೋಡಿಸಿದೆ. ಜೋಡಿಸಿದಾಗ ಒಂದು ವಿಚಿತ್ರ ಕಾಣಿಸಿತು. ಅವರಲ್ಲಿ ಬಹಳ ಜನ ಹುಟ್ಟಿದ್ದು ಆ ಎರಡನೇ ಮಹಾಯುದ್ಧದ ಐದಾರು ವರ್ಷಗಳ ಒಳಗೇ. ಅಪ್ಪ ಎಲ್ಲೋ ಹಡಗಿನಲ್ಲಿ, ಅಮ್ಮ ಮನೆಯಲ್ಲಿ, ಕಿಟಕಿಗೆ ಕಪ್ಪು ಬಟ್ಟೆ, ಸಕ್ಕರೆಗೂ ರೇಷನ್ನು, ಅಂಥ ಹೊತ್ತಿನಲ್ಲಿ ಕಣ್ಣು ಬಿಟ್ಟ ಮಕ್ಕಳು ದೊಡ್ಡವರಾಗಿ ಇಡೀ ಲೋಕದ ಕಿವಿ ತೂತು ಬೀಳುವ ಹಾಗೆ ಬಾರಿಸಿದ್ದು ಯಾಕೆ? ಹೊಟ್ಟೆಯಲ್ಲಿದ್ದಾಗಲೇ ಸೈರನ್ನಿನ ಸದ್ದು ಕೇಳಿಸಿಕೊಂಡರೇ? ಅಥವಾ ಮನೆಯಲ್ಲಿ ಎಲ್ಲರೂ ಪಿಸುಗುಟ್ಟಿಕೊಂಡೇ ಬದುಕಿದ್ದನ್ನು ನೋಡಿ, ನಾವು ದೊಡ್ಡವರಾದ ಮೇಲೆ ತೋರಿಸ್ತೀವಿ ನಿಮಗೆ, ಅಂದುಕೊಂಡರೇ? ಇದರ ಬಗ್ಗೆ ಬಸ್ಸಿನಲ್ಲಿ ಕೂತು ನಾನು ಮಾಡಿದಷ್ಟು ಯೋಚನೆಯನ್ನು ತ್ರಿಕೋನಮಿತಿಗೆ ಮಾಡಿದ್ದರೆ ನನ್ನ ವಿದ್ಯಾರ್ಥಿಗಳು ಇನ್ನೊಂದಿಷ್ಟು ಜನ ಪಾಸಾಗುತ್ತಿದ್ದರು.

ಈಗ ಮೊಬೈಲು ಬಂದ ಮೇಲೆ ಕಡಲೆಕಾಯಿ ಬೇಕಿಲ್ಲ. ಇಂಥ ದಿನ ಯಾವ ಸಂಗೀತಗಾರ ಹುಟ್ಟಿದ ಅಂತ ಬೆಳಗಾಗೆದ್ದು ಫೋನೇ ಹೇಳುತ್ತದೆ. ಒಬ್ಬನ ಬಗ್ಗೆ ಅಲ್ಲಿ ದೊಡ್ಡ ಜಗಳವೇ ನಡೆದಿದೆ. ಅವನು ಹುಟ್ಟುವಾಗ ಊರಿನ ಮೇಲೆ ಬಾಂಬು ಬೀಳುತ್ತಿತ್ತು ಅಂತ ಒಬ್ಬರು. ಇಲ್ಲ, ಆ ದಿನ ಊರು ತಣ್ಣಗಿತ್ತು, ಹಳೇ ಪೇಪರು ತೆಗೆದು ನೋಡಿ ಅಂತ ಇನ್ನೊಬ್ಬರು. ನಾನು ಬೆರಗಾದದ್ದು ಬಾಂಬಿಗಲ್ಲ. ಬಂದರಿನ ಊರಿನ ಒಬ್ಬ ಸಾಮಾನ್ಯನ ಮಗ ಹುಟ್ಟಿದ ಗಂಟೆಯ ಬಗ್ಗೆ ಇಷ್ಟು ಕಾಲದ ಮೇಲೂ ಜಗಳ ಆಡುವಷ್ಟು ಕಾಗದ ಅವರ ಹತ್ತಿರ ಉಳಿದಿದೆಯಲ್ಲ, ಅದಕ್ಕೆ. ಯಾಕೆಂದರೆ ಅದೇ ಯುದ್ಧದ ಕಾಲದಲ್ಲಿ ಹೊಳೆನರಸೀಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಒಬ್ಬ ಡ್ರಮ್ಮರ್ ಹುಟ್ಟಿದ್ದರು, ಮತ್ತು ಅವರು ಹುಟ್ಟಿದ್ದಕ್ಕೆ ಒಂದು ಚೂರು ಕಾಗದವೂ ಇರಲಿಲ್ಲ.

ಅವರು ನನ್ನ ದೊಡ್ಡಪ್ಪ, ದ್ಯಾವಯ್ಯ. ಹಾಸನದ ಕಡೆ ಸ್ವಲ್ಪ ವಯಸ್ಸಾದವರನ್ನು ಕೇಳಿದರೆ ದ್ಯಾವಯ್ಯ ಯಾರು ಅಂತ ಗೊತ್ತಾಗಲಿಕ್ಕಿಲ್ಲ. ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳ ಗೋಡೆ ಪೋಸ್ಟರಿನಲ್ಲಿ ಅವರ ಹೆಸರು “ಡ್ರಮ್ಸ್: ಡೇವಿಡ್” ಅಂತ ಇರುತ್ತಿತ್ತು. ಆರ್ಕೆಸ್ಟ್ರಾದ ಮಾಲೀಕರು ಇಟ್ಟ ಹೆಸರು ಅದು. ದೊಡ್ಡಪ್ಪನಿಗೆ ಅದರಿಂದ ಸಂತೋಷವೂ ಇರಲಿಲ್ಲ, ಬೇಜಾರೂ ಇರಲಿಲ್ಲ. “ಕರ್ದಾಗ ತಿರುಗ್ ನೋಡಕ್ಕೆ ಯಾವ್ ಎಸ್ರಾದ್ರೇನ್ಲಾ” ಅನ್ನುತ್ತಿದ್ದರು.

ಅವರು ಕಲಿತದ್ದು ತಮಟೆ. ಊರಿನ ಹಬ್ಬಕ್ಕೆ, ಸಾವಿಗೆ, ಸಾರುವುದಕ್ಕೆ ತಮಟೆ ಬಾರಿಸುವುದು ನಮ್ಮ ಕೇರಿಯ ಪಾಲಿನ ಕೆಲಸ. ಸತ್ತ ದನ ಹೊರುವುದೂ ನಮ್ಮದೇ. ನನ್ನ ಅಪ್ಪ ಓದಿ ಗುಮಾಸ್ತರಾದ ಮೇಲೆ ಎರಡನ್ನೂ ಬಿಟ್ಟದ್ದಲ್ಲದೆ ಮನೆಯೊಳಗೆ ತಮಟೆಯನ್ನೇ ತರಲು ಬಿಡಲಿಲ್ಲ. ಗೋಡೆಗೆ ಬುದ್ಧನ ಪಟ ಬಂತು. ಅಣ್ಣ ದ್ಯಾವಯ್ಯನವರು ಇನ್ನೊಂದು ದಾರಿಯಲ್ಲಿ ಬಿಟ್ಟರು. ಹಾಸನದ ಒಂದು ಆರ್ಕೆಸ್ಟ್ರಾಕ್ಕೆ ಪೆಟ್ಟಿಗೆ ಹೊರಲು ಸೇರಿಕೊಂಡರು. ಒಮ್ಮೆ ಪ್ಲಾಂಟರುಗಳ ಕ್ಲಬ್ಬಿನಲ್ಲಿ ಕಾರ್ಯಕ್ರಮ ಇದ್ದ ದಿನ ಡ್ರಮ್ಮಿನವನಿಗೆ ಚಳಿಜ್ವರ ಬಂತು. ಪೆಟ್ಟಿಗೆ ಹೊತ್ತವರನ್ನೇ ಕೂರಿಸಿದರು. ಆ ಕಥೆಯನ್ನು ನಾನು ನೂರು ಸಲ ಕೇಳಿದ್ದೇನೆ, ನೂರು ಸಲವೂ ದೊಡ್ಡಪ್ಪ ಒಂದೇ ಥರ ಹೇಳಿದ್ದಾರೆ. “ಮೊದ್ಲು ಬೆರಳಲ್ಲಿ ತಟ್ ನೋಡ್ದೆ ಕಣ್ಲಾ. ಚರ್ಮ ಅಲ್ಲ, ಪಿಲಾಸ್ಟಿಕ್ಕು. ಬೆಂಕಿ ಕಾಯ್ಸಂಗಿಲ್ಲ, ಏನಿಲ್ಲ. ಇದೇನ್ ಬುಡು, ಕೈ ಜತ್ಗೆ ಕಾಲೂ ಆಡುಸ್ಬೇಕು ಅಷ್ಟೇಯ ಅಂದ್ಕಂಡು ಕೂತ್ಬುಟ್ಟೆ.”

ಅಲ್ಲಿನ ಒಬ್ಬ ಪ್ಲಾಂಟರು ಅವರ ಬಾರಿಸುವಿಕೆಗೆ ಮೆಚ್ಚಿ ಒಂದು ಇಂಗ್ಲಿಷ್ ರೆಕಾರ್ಡು ಕೊಟ್ಟರು. ದೊಡ್ಡಪ್ಪನ ಹತ್ತಿರ ಅದನ್ನು ಹಾಕಲು ಪ್ಲೇಯರ್ ಇರಲಿಲ್ಲ, ತರುವಾಗ ಲಾರಿಯಲ್ಲಿ ರೆಕಾರ್ಡು ಒಡೆದೂ ಹೋಗಿತ್ತು. ಉಳಿದದ್ದು ಅದರ ಹೊದಿಕೆ. ಅದರ ಮೇಲೆ ನಾಲ್ಕು ಜನ ಬಿಳಿಯ ಹುಡುಗರು. ಅದಕ್ಕೆ ಕಟ್ಟು ಹಾಕಿಸಿ ತಮ್ಮ ಮನೆಯ ಬುದ್ಧನ ಪಟದ ಪಕ್ಕದಲ್ಲಿ ತೂಗುಹಾಕಿದರು. ನಾಲ್ವರಲ್ಲಿ ಡ್ರಮ್ಮಿನ ಹಿಂದೆ ಕೂತವನನ್ನು ಬಿಟ್ಟು ಮಿಕ್ಕವರ ಕಡೆ ಅವರು ನೋಡುತ್ತಲೂ ಇರಲಿಲ್ಲ.

“ಇವ್ನು ನನ್ ವಾರಿಗೆಯೋನು ಕಣ್ಲಾ” ಅನ್ನುತ್ತಿದ್ದರು. ಆಮೇಲೆ ಸ್ವಲ್ಪ ಹೊತ್ತು ನೋಡಿ, “ಆದ್ರೆ ನಂಗಿಂತ ದೊಡ್ಡೋನೋ ಚಿಕ್ಕೋನೋ ತಿಳೀದು.”

ಇದು ಸಣ್ಣ ವಿಷಯ ಅಂತ ನಿಮಗೆ ಅನ್ನಿಸಬಹುದು. ನಮ್ಮ ಕಡೆ ಅಲ್ಲ. ಒಂದೇ ದಿನ ದೊಡ್ಡವನಾದರೂ ಅವನು ಅಣ್ಣ, ಬಹುವಚನ. ಒಂದೇ ದಿನ ಚಿಕ್ಕವನಾದರೆ ಲೇ ಅಂತ ಕರೆದು ನೀರು ತರಿಸಬಹುದು. ಇದು ತೀರ್ಮಾನವಾಗದೆ ಇಬ್ಬರ ನಡುವೆ ಮಾತೇ ಶುರುವಾಗುವುದಿಲ್ಲ. ದೊಡ್ಡಪ್ಪ ಆ ಬಿಳಿಯನ ಎದುರು ಅಷ್ಟು ವರ್ಷ ಕೂತು ಬೀಡಿ ಸೇದಿದರೂ ಅವನನ್ನು ಏನಂತ ಕರೆಯಬೇಕು ಅಂತ ಗೊತ್ತಾಗದೆ ಸುಮ್ಮನಿದ್ದರು. ನನ್ನ ನೋಟ್ ಬುಕ್ಕಿನ ಸುದ್ದಿ ತಿಳಿದಾಗ ಅವರಿಗೆ ಆದ ಖುಷಿ ಹೇಳತೀರದು. “ಲೇ ಸಿವು, ನಿನ್ ಬುಕ್ಕಲ್ಲಿ ವಸಿ ನೋಡ್ಲಾ” ಅಂದರು. ನೋಡಿದೆ. ಬಿಳಿಯ ಹುಟ್ಟಿದ ತಾರೀಕು ನನ್ನ ಹತ್ತಿರ ಇತ್ತು. ಇಲ್ಲದ್ದು ದೊಡ್ಡಪ್ಪನದು.

ಇಲ್ಲದ್ದು ಅಂದರೆ, ದಾಖಲೆಯಲ್ಲಿ ಇದೆ. ಜೂನ್ ಒಂದು. ಆಗ ಸ್ಕೂಲಿಗೆ ಸೇರಿಸುವಾಗ ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ವಯಸ್ಸು ಆಯಿತು ಅಂತ ಲೆಕ್ಕ. ಹುಟ್ಟಿದ ದಿನದ ಜಾಗದಲ್ಲಿ ಮೇಷ್ಟ್ರು ಜೂನ್ ಒಂದು ಅಂತ ಗೀಚಿ, ವರ್ಷವನ್ನು ಕೈಯ ಉದ್ದ ನೋಡಿ ಅಂದಾಜು ಮಾಡುತ್ತಿದ್ದರು. ನಾನು ನಮ್ಮೂರ ಸ್ಕೂಲಿಗೆ ಹೋಗಿ ಹಳೇ ದಾಖಲಾತಿ ಪುಸ್ತಕ ತೆಗೆಸಿ ನೋಡಿದೆ. ದೊಡ್ಡಪ್ಪನ ಜೊತೆ ಸೇರಿದ ಅಷ್ಟೂ ಮಕ್ಕಳು ಜೂನ್ ಒಂದರಂದೇ ಹುಟ್ಟಿದ್ದಾರೆ. ಊರಿನ ತಾಯಂದಿರೆಲ್ಲ ಮಾತಾಡಿಕೊಂಡು ಹೆತ್ತ ಹಾಗೆ. ಈ ಪದ್ಧತಿ ಎಷ್ಟು ಕಾಲ ನಡೆಯಿತು ಅಂದರೆ, ನನ್ನದೂ ಜೂನ್ ಒಂದೇ. ನಮ್ಮ ಇಲಾಖೆಯಲ್ಲಿ ಮೇ ತಿಂಗಳ ಕೊನೆಯ ದಿನ ನಿವೃತ್ತಿಯ ಹಾರ ಹಾಕಿಸಿಕೊಳ್ಳಲು ನಿಲ್ಲುವವರ ಸಾಲು ನೋಡಿದರೆ ನಿಮಗೇ ತಿಳಿಯುತ್ತದೆ. ನನಗೆ ಅದರಿಂದ ಯಾವ ತೊಂದರೆಯೂ ಆಗಿಲ್ಲ. ದೊಡ್ಡಪ್ಪನಿಗೆ ಮಾತ್ರ ಅದು ಕೊನೆಗೂ ಒಗ್ಗಲಿಲ್ಲ. “ಅದು ಮೇಷ್ಟ್ರು ದಿನ. ನಂದಲ್ಲ” ಅನ್ನುತ್ತಿದ್ದರು.

ಹೋದ ವರ್ಷ ಅವರಿಗೆ ಎದೆನೋವು ಬಂದು ಹಾಸನದಲ್ಲಿ ಆಸ್ಪತ್ರೆಗೆ ಸೇರಿಸಿದ್ದೆವು. ಎಂಬತ್ತು ದಾಟಿದ ದೇಹ. ಹಾಸಿಗೆಯ ಪಕ್ಕದಲ್ಲಿ ನಾನಿದ್ದೆ, ಅವರ ಮೊಮ್ಮಗಳು ಸುಜಾತ ಇದ್ದಳು. ಡಿಗ್ರಿ ಓದುವ ಹುಡುಗಿ. ತಾತನ ಕೈ ಅವಳಿಗೆ ಬಂದಿದೆ, ಕಾಲೇಜಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾಳೆ. ದೊಡ್ಡಪ್ಪ ನೋವು ಕಡಿಮೆಯಾದ ಮೇಲೆ ಮಂಚದ ಕಂಬಿಯನ್ನು ಬೆರಳಲ್ಲಿ ತಟ್ಟುತ್ತಾ ಇದ್ದರು. ನರ್ಸು ಬಂದು ಹುಟ್ಟಿದ ದಿನ ಕೇಳಿದಳು. ಸುಜಾತ ಜೂನ್ ಒಂದು ಅಂದಳು. ನರ್ಸು ಹೋದ ಮೇಲೆ ದೊಡ್ಡಪ್ಪ ತಟ್ಟುವುದನ್ನು ನಿಲ್ಲಿಸಿ ನನ್ನನ್ನು ಕರೆದರು.

“ಸಿವು, ಸಾಯೋ ದಿನ ಯಾರಾದ್ರೂ ಬರ್ಕತ್ತಾರೆ ಕಣ್ಲಾ, ಅದ್ಕೆ ನಂಗೇನ್ ಯೋಚ್ನೆ ಇಲ್ಲ. ಉಟ್ಟಿದ್ ದಿನ ಒಂದ ತಿಳ್ಕಂಡು ಓಗ್ಬೇಕು ಅಂತ ಆಸೆ. ಊರ್ ಜನುದ್ದೆಲ್ಲ ಬರ್ಕಂಡಿದ್ದೀಯ. ನಂದೊಂದ ಉಡುಕ್ಕೊಡು.”

ನನ್ನ ದೊಡ್ಡಪ್ಪ ನನ್ನ ಹತ್ತಿರ ಯಾವತ್ತೂ ಏನನ್ನೂ ಕೇಳಿದವರಲ್ಲ. ಆ ನೋಟ್ ಬುಕ್ಕಿನ ಬಗ್ಗೆ ಮೊದಲ ಸಲ ನನಗೆ ನಾಚಿಕೆಯಾಯಿತು.

ಇದ್ದ ಸುಳಿವು ಒಂದೇ. ನಮ್ಮ ಅಜ್ಜಿ, ಅಂದರೆ ದೊಡ್ಡಪ್ಪನ ಅವ್ವ, ಊರಿನ ಪಟೇಲರ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳು. ಅವಳು ಹೇಳುತ್ತಿದ್ದದ್ದು ಇಷ್ಟು: “ಯುದ್ದದ್ ಕಾಲ. ಪಟೇಲ್ರ ಮನೆ ಕೆಂದಿ ಎಣ್ ಕರ ಹಾಕಿದ್ ದಿವ್ಸ ನೀನುಟ್ಟಿದ್ದು.” ಕೆಂದಿ ಅಂದರೆ ಕೆಂಪು ಬಣ್ಣದ ಹಸು. ಅಜ್ಜಿಗೆ ಬೆಳಿಗ್ಗೆ ಕೊಟ್ಟಿಗೆಯಲ್ಲಿದ್ದಾಗಲೇ ನೋವು ಶುರುವಾಗಿ, ಕೆಂದಿ ಅಲ್ಲಿ ಹಡೆದು, ಇವಳು ಮನೆಗೆ ಓಡಿಬಂದು ಇಲ್ಲಿ ಹಡೆದಳಂತೆ. ಇಂಥ ಲೆಕ್ಕವನ್ನು ಲೆಕ್ಕದ ಮೇಷ್ಟ್ರು ಏನು ಮಾಡಲಿ? ಬಿಟ್ಟುಬಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ಮೇಲೆ ಸುಜಾತ ಒಂದು ಪ್ರಶ್ನೆ ಕೇಳಿದಳು.

“ಚಿಕ್ಕಪ್ಪ, ತಾತ ಹುಟ್ಟಿದ್ದನ್ನ ಯಾರೂ ಬರ್ಕೊಂಡಿಲ್ಲ, ಸರಿ. ಕರು ಹುಟ್ಟಿದ್ದನ್ನ?”

ನಕ್ಕೆ. ಚನ್ನರಾಯಪಟ್ಟಣದ ಬಸ್ಸು ಹತ್ತಿ ಅರ್ಧ ದಾರಿ ಹೋದ ಮೇಲೆ ನಗು ನಿಂತಿತು. ಆ ಪಟೇಲರಿಗೆ ಕಂಡದ್ದನ್ನೆಲ್ಲ ಪಂಚಾಂಗದ ಅಂಚಿನಲ್ಲಿ ಬರೆದಿಡುವ ಅಭ್ಯಾಸ ಇತ್ತು ಅಂತ ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು.

ಪಟೇಲರ ಮನೆಯವರು ಈಗ ಅರಕಲಗೂಡಿನಲ್ಲಿದ್ದಾರೆ. ಜಮೀನು ಊರಲ್ಲಿದೆ, ಜೊತೆಗೆ ರಾಮನಾಥಪುರದ ಹರಾಜಿಗೆ ಹೊಗೆಸೊಪ್ಪು ಹಾಕುತ್ತಾರೆ. ಮನೆ ನೋಡಿಕೊಳ್ಳುವವರು ಪಟೇಲರ ಮೊಮ್ಮಗನ ಹೆಂಡತಿ ಜಯಮ್ಮ. ನಂಬರು ಸಂಪಾದಿಸಿ ಫೋನ್ ಮಾಡಿ, ನಾಲಿಗೆ ತಡವರಿಸಿಕೊಂಡು ವಿಷಯ ಹೇಳಿದೆ. ಹಳೇ ಹಸುವೊಂದರ ಹೆರಿಗೆಯ ದಿನ ಬೇಕು ಅಂತ ಕೇಳುವಾಗ ಯಾವ ದನಿಯಲ್ಲಿ ಕೇಳಬೇಕು ಅಂತ ಯಾರಿಗೆ ಗೊತ್ತು?

“ಪೆಟ್ಟಿಗೆ ಅಟ್ಟದ ಮೇಲೈತೆ ಮೇಷ್ಟ್ರೇ. ಗೆದ್ಲು ಎಷ್ಟ್ ತಿಂದೈತೋ ಗೊತ್ತಿಲ್ಲ. ದ್ಯಾವಣ್ಣನ್ನೂ ಕರ್ಕಂಡೇ ಬನ್ನಿ, ನನ್ ಮದ್ವೇಲಿ ಅವ್ರೇ ಬಾರ್ಸಿದ್ದು” ಅಂದರು ಜಯಮ್ಮ.

ಒಂದು ಭಾನುವಾರ ಮೂರೂ ಜನ ಹಾಸನದಿಂದ ಅರಕಲಗೂಡಿನ ಬಸ್ಸು ಹತ್ತಿದೆವು. ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಪೌಡರು ಬಳಿದುಕೊಂಡು ಬಂದಿದ್ದರು. ಹೆಣ್ಣು ನೋಡಲು ಹೊರಟಿದ್ದೀಯಾ ತಾತ ಅಂತ ಸುಜಾತ ರೇಗಿಸಿದಳು. ಅವರು ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳಲ್ಲಿ ಶುರುಮಾಡಿದರು. ಆ ಸೀಟಿನಲ್ಲಿದ್ದ ಹೆಂಗಸು ತಿರುಗಿ ಒಂದು ನೋಟ ಬಿಟ್ಟ ಮೇಲೆ ತಮ್ಮ ಮಂಡಿಯ ಮೇಲೆ ಮುಂದುವರಿಸಿದರು.

ಜಯಮ್ಮನವರ ಮನೆ ದೊಡ್ಡದು, ಹೊಸದು. ದೊಡ್ಡಪ್ಪ ಹಾಲಿನ ಸೋಫಾದ ತುದಿಯಲ್ಲಿ, ಬೇಕಾದರೆ ಈಗಲೇ ಎದ್ದುಬಿಡುತ್ತೇನೆ ಅನ್ನುವ ಹಾಗೆ ಕೂತರು. ಅವರು ಹಾಗೆ ಕೂತದ್ದು ನೋಡಿ ನನಗೆ ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಜಯಮ್ಮನಿಗೂ ಅದು ಕಂಡಿರಬೇಕು. “ಸರ್ಯಾಗ್ ಕೂತ್ಕಳಿ ದ್ಯಾವಣ್ಣ, ಸೋಫಾ ಏನ್ ಕಚ್ಚಕಿಲ್ಲ” ಅಂದು ಕಾಫಿ ಲೋಟವನ್ನು ಕೈಗೇ ಕೊಟ್ಟರು.

ತಗಡಿನ ಪೆಟ್ಟಿಗೆ ಬಂತು. ಒಳಗೆ ಒಣಗಿದ ಬೇವಿನ ಸೊಪ್ಪು, ಅದರ ನಡುವೆ ವರ್ಷಕ್ಕೊಂದರಂತೆ ಪಂಚಾಂಗಗಳು. ನಾನು ಕೆಲಸದ ಮೇಲೆ ಹೋದವನು ಅದನ್ನು ಮರೆತು ಓದುತ್ತಾ ಕೂತೆ, ಯಾಕೆಂದರೆ ಆ ಪಟೇಲರು ನನ್ನ ಜಾತಿಯ ಮನುಷ್ಯ. ಬರೆದುಕೊಳ್ಳುವ ಹುಚ್ಚಿನವರು ಅನ್ನುವ ಅರ್ಥದಲ್ಲಿ. ಮಳೆಗೆ ನೆಲ ಎಷ್ಟು ಬೆರಳು ಆಳ ನೆನೆಯಿತು ಅಂತ ಬರೆದಿದ್ದಾರೆ. “ಹೊಳೆನರಸೀಪುರದಲ್ಲಿ ಸೀಮೆಣ್ಣೆ ಸಿಗಲಿಲ್ಲ.” “ಅಳಿಯಂದಿರು ಬಂದರು. ಊಟ ಮಾಡದೆ ಹೋದರು.” ಇನ್ನೊಂದು ಕಡೆ, “ಆಕಾಶದಲ್ಲಿ ವಿಮಾನ ಮೂರು. ಹೆಂಗಸರು ಒಳಗೆ ಓಡಿದರು.” ಅಲ್ಲಿ ಇಂಗ್ಲೆಂಡಿನ ತಾಯಂದಿರೂ ಅದೇ ಹೊತ್ತಿಗೆ ಓಡುತ್ತಿದ್ದಿರಬೇಕು. ಹಸುಗಳ ವಿಷಯಕ್ಕೆ ಬಂದರೆ ಪಟೇಲರು ಯಾವ ಜೋಯಿಸರಿಗೂ ಕಡಿಮೆಯಿಲ್ಲ. ಯಾವ ಹಸು, ಯಾವ ತಿಥಿ, ಎಷ್ಟು ಹೊತ್ತಿಗೆ, ಗಂಡೋ ಹೆಣ್ಣೋ, ಮೈಮೇಲೆ ಎಲ್ಲಿ ಚುಕ್ಕೆ. ಆ ಮನೆಯ ಕರುಗಳಿಗೆಲ್ಲ ಜಾತಕ ಬರೆಸಬಹುದಿತ್ತು.

ವೃಷ ಸಂವತ್ಸರದ ಪಂಚಾಂಗದಲ್ಲಿ ಕೆಂದಿ ಸಿಕ್ಕಳು. “ಕೆಂದಿ ಕರು ಹಾಕಿತು” ಅನ್ನುವುದನ್ನು ಓದುತ್ತಲೇ ನಾನು ಎದ್ದು ನಿಂತೆ. ಯುದ್ಧದ ಕಾಲ, ಕೆಂದಿ, ಎಲ್ಲಾ ಸರಿಯಾಯಿತು. ಇಂಗ್ಲಿಷ್ ವರ್ಷಕ್ಕೆ ತಿರುಗಿಸಿ ನೋಡಿದರೆ ದೊಡ್ಡಪ್ಪ ಆ ಬಿಳಿಯನಿಗಿಂತ ದೊಡ್ಡವರು!

“ನೀನೇ ಅಣ್ಣ ದೊಡ್ಡಪ್ಪ! ಇನ್ಮೇಲೆ ಅವನನ್ನ ಲೇ ಅನ್ನು!” ಅಂದೆ.

ದೊಡ್ಡಪ್ಪ ನಗಲಿಲ್ಲ. “ಕರ ಎಂತದು?”

ಜಯಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದರು. “ಹೋರಿಗರು ಅಂತೈತೆ.”

“ಅಂಗಾದ್ರೆ ಅದಲ್ಲ ಬುಡಿ.”

“ಅಜ್ಜಿಗೆ ಮರೆತಿರಬೋದು ದೊಡ್ಡಪ್ಪ” ಅಂದೆ ನಾನು. ಸಿಕ್ಕಿದ ಉತ್ತರವನ್ನು ಬಿಡುವುದು ಲೆಕ್ಕದವರಿಗೆ ಬಹಳ ಕಷ್ಟ.

“ದಿನಾ ಕೊಟ್ಗೆ ಬಳ್ದೋಳಿಗೆ ಕರ ಗಂಡೋ ಎಣ್ಣೋ ಮರ್ತೋಯ್ತದಾ? ಮುಂದುಕ್ ನೋಡು.”

ಮುಂದಿನದು ಚಿತ್ರಭಾನು ಸಂವತ್ಸರ. ಅರ್ಧ ಪುಸ್ತಕವನ್ನು ಗೆದ್ದಲು ಅಂಚಿನಿಂದ ತಿಂದಿತ್ತು. ಜಯಮ್ಮ ಒಂದೊಂದೇ ಹಾಳೆಯನ್ನು ಅಂಗೈಯಲ್ಲಿ ಆನಿಸಿ ತಿರುವಿದರು. ಕಾರ್ತಿಕ ಮಾಸಕ್ಕೆ ಬಂದಾಗ ನಿಂತು, ಬೆರಳಿಟ್ಟು ಓದಿದರು.

“ಬಹುಳ ಪಂಚಮಿ. ಹೊತ್ತು ಹುಟ್ಟುವ ಮುಂಚೆ ಕೆಂದಿ ಹೆಣ್ಣುಗರು ಹಾಕಿತು. ಹಣೆಯಲ್ಲಿ ಬಿಳಿ ಚುಕ್ಕೆ.”

ನಾನು ಫೋನಿನಲ್ಲಿ ಹಳೇ ಕ್ಯಾಲೆಂಡರು ತೆಗೆದು ಹುಣ್ಣಿಮೆ ಅಮಾವಾಸ್ಯೆ ಎಣಿಸಿದೆ. ನವೆಂಬರ್ ತಿಂಗಳ ಕೊನೆಯ ವಾರ. ಬಿಳಿಯನಿಗಿಂತ ಚಿಕ್ಕವರು.

“ಓಗ್ಲಿ ಬುಡು, ಅಣ್ಣ ಅಂತೀನಿ” ಅಂದರು ದೊಡ್ಡಪ್ಪ. ಅವರ ಮುಖದ ತುಂಬಾ ನಗು ಇತ್ತು. “ಪಂಚ್ಮಿ. ಕಾರ್ತೀಕ್ದ ಪಂಚ್ಮಿ ಕಣವ್ವ ಸುಜಾತ” ಅಂತ ಎರಡು ಸಲ ಹೇಳಿದರು.

ನಾನು ಮಾತ್ರ ಆ ಸಾಲಿನ ಸುತ್ತ ಇನ್ನೇನನ್ನೋ ಹುಡುಕುತ್ತಿದ್ದೆ. ಕರುವಿನ ಹಣೆಯ ಚುಕ್ಕೆಗೆ ಜಾಗ ಇತ್ತು. ಅದೇ ಬೆಳಿಗ್ಗೆ ಅದೇ ಕೊಟ್ಟಿಗೆಯಿಂದ ನೋವು ತಿನ್ನುತ್ತಾ ಓಡಿಹೋದ ಹೆಂಗಸಿಗೆ, ಅವಳ ಮಗುವಿಗೆ, ಒಂದು ಅಕ್ಷರದ ಜಾಗವೂ ಇರಲಿಲ್ಲ. ಅಲ್ಲಿ ಕೂತು ಕಾಫಿ ಕುಡಿದ ನನಗೆ ಕಾಫಿ ಕಹಿಯಾಯಿತು ಅಂತ ಹೇಳಲೇಬೇಕು. ಜಯಮ್ಮನೂ ಅದನ್ನೇ ಹುಡುಕುತ್ತಿದ್ದರು ಅಂತ ಕಾಣುತ್ತದೆ. ಅವರು ಹಾಳೆಯನ್ನು ಹಿಂದೆ ಮುಂದೆ ತಿರುವಿ, “ನಮ್ಮ ತಾತ ಇದ್ನೂ ಒಂದ್ ಸಾಲು ಬರೀಬೇಕಾಗಿತ್ತು” ಅಂದರು. ದೊಡ್ಡಪ್ಪ, “ಇರ್ಲಿ ಬುಡ್ರವ್ವ. ಕರಿಂದಾದ್ರೂ ಬರ್ದವ್ರಲ್ಲ, ಅದ್ರಿಂದ್ಲೇ ನಾನ್ ಸಿಕ್ಕಿದ್ದು” ಅಂತ ಅವರಿಗೇ ಸಮಾಧಾನ ಹೇಳಿದರು.

ಆಗ ಸುಜಾತ ಬಗ್ಗಿ ನೋಡಿ, “ಕೆಳಗೆ ಇನ್ನೊಂದ್ ಸಾಲಿದೆ” ಅಂದಳು. ಓದಿದಳು.

“ಸಪ್ತಮಿ. ಕೆಂದಿಯ ಕರು ಹೋಯಿತು. ಕೇರಿಯವನು ಬಂದು ಹೊತ್ತುಕೊಂಡು ಹೋದ.”

ಕೇರಿಯವನು ಅಂದರೆ ನಮ್ಮ ತಾತ. ಆ ಕಾಲದಲ್ಲಿ ಪಟೇಲರ ಮನೆಯ ಸತ್ತ ದನ ಹೊರುತ್ತಿದ್ದವನು ಅವನೊಬ್ಬನೇ. ಮಗ ಹುಟ್ಟಿದ ಮೂರನೇ ದಿನ, ಬಾಣಂತಿ ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಆ ಕರುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದಾನೆ. ನಾನು ದೊಡ್ಡಪ್ಪನ ಕಡೆ ನೋಡಿದೆ. ಅವರ ಬೆರಳು ಮಂಡಿಯ ಮೇಲೆ ನಿಂತುಹೋಗಿತ್ತು.

“ನನ್ ತಮಟೆ” ಅಂದರು. ಜಯಮ್ಮ ನೀರು ತಂದುಕೊಟ್ಟರು.

“ನಂಗೆ ಅಪ್ಪ ಮಾಡ್ಕೊಟ್ಟಿದ್ ಮೊದಲ್ನೇ ತಮಟೆ ಎಳೇಗರ ಚರ್ಮದ್ದು ಕಣ್ಲಾ ಸಿವು. ಇಷ್ಟೇ ಅಗಲ. ನಾನ್ ಉಟ್ಟಿದ್ ವಾರ್ದಲ್ಲೇ ಬಿಗ್ದು ಒಲೆ ಮ್ಯಾಲ್ ನೇತಾಕಿದ್ನಂತೆ, ಮಗ ನಡ್ಯಂಗಾದ್ ಮ್ಯಾಲೆ ಕೊಡಾನ ಅಂತವ. ಅಂತಾ ತೆಳ್ಗಿನ್ ಚರ್ಮ ಮತ್ತೆ ಯಾವತ್ತೂ ಸಿಗ್ನಿಲ್ಲ. ಬೆರಳ್ ಇಟ್ರೆ ಸಾಕು ಮಾತಾಡದು. ನಾನ್ ಕಲ್ತಿದ್ದೆಲ್ಲ ಅದ್ರ ಮ್ಯಾಲೇಯ.” ಪಂಚಾಂಗವನ್ನು ತೋರಿಸಿದರು. “ಎಲ್ಲಿಂದು ಅಂತ ಅಪ್ಪ ಯೋಳ್ನಿಲ್ಲ. ಅವ್ವನೂ ಯೋಳ್ನಿಲ್ಲ. ಇದು ಸತ್ತೋಗಿದ್ನೇ ನಂಗೆ ಯಾರೂ ಯೋಳ್ನಿಲ್ಲ.”

ಅದೇ ಕರುವಿನದು ಅಂತ ಹೇಗೆ ಹೇಳುತ್ತೀರಿ, ಸಾಕ್ಷಿ ಏನು, ಅಂತ ನನ್ನೊಳಗಿನ ಮೇಷ್ಟ್ರು ಬಾಯಿ ತೆರೆದ. ಅವನ ಬಾಯಿಯನ್ನು ನಾನು ಅಲ್ಲೇ ಮುಚ್ಚಿಸಿದೆ. ಒಂದು ವಾರದಲ್ಲಿ ನಮ್ಮ ತಾತನಿಗೆ ಎಷ್ಟು ಎಳೆಗರು ಸಿಕ್ಕಿರಬಹುದು?

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ಹಾಸನ ಹತ್ತಿರವಾದಾಗ ಒಂದೇ ಒಂದು ಪ್ರಶ್ನೆ ಕೇಳಿದರು, “ಮೂರ್ ದಿವ್ಸ ಇತ್ತಾ ಅದು?” ಪಂಚಮಿ, ಷಷ್ಠಿ, ಸಪ್ತಮಿ, ಅಂತ ನಾನು ಬೆರಳು ಮಡಿಸಿ ತೋರಿಸಿದೆ.

ಕಾರ್ತಿಕದ ಬಹುಳ ಪಂಚಮಿ ಬಂತು. ಸುಜಾತ ಕೇಕು ತಂದಿದ್ದಳು, ನನ್ನ ಹೆಂಡತಿ ಪಾಯಸ ಮಾಡಿದ್ದಳು. ತಮ್ಮ ಜೀವಮಾನದಲ್ಲಿ ಮೊದಲ ಸಲ ದೊಡ್ಡಪ್ಪ ತಮ್ಮದೇ ದಿನದಲ್ಲಿ ಕೂತಿದ್ದರು. ಹೊಸ ಅಂಗಿ, ಹಣೆಗೆ ಯಾರೋ ಇಟ್ಟ ಕುಂಕುಮ, ಮೀಸೆಗೆ ಕೆನೆ. ನಾವೆಲ್ಲ ಚಪ್ಪಾಳೆ ತಟ್ಟಿದಾಗ ಅವರು ನಾಚಿಕೊಂಡರು, ಅಂಥದ್ದನ್ನು ನಾನು ಎಂದೂ ನೋಡಿರಲಿಲ್ಲ. ದೊಡ್ಡಪ್ಪನ ಮನೆಗೆ ನೋಟ್ ಬುಕ್ಕು ತೆಗೆದುಕೊಂಡು ಹೋಗಿದ್ದೆ. ಎಲ್ಲರ ಎದುರು ತಾರೀಕು ಬರೆದೆ, ಹೊಳೆನರಸೀಪುರ ತಾಲ್ಲೂಕು ಅಂತ ಬರೆದೆ, ಅಜ್ಜಿ ಮನೆಗೆ ಓಡಿಬರುವಷ್ಟರಲ್ಲಿ ಬೆಳಕಾಗಿರಬೇಕು ಅಂತ ಲೆಕ್ಕ ಹಾಕಿ ಹೊತ್ತು ಹುಟ್ಟಿದ ಮೇಲೆ ಅಂತಲೂ ಬರೆದೆ. ಅವರು ಓದಿಸಿ ಕೇಳಿದರು.

ಸುಜಾತ ತನ್ನ ಡ್ರಮ್ ಸೆಟ್ಟನ್ನು ಹಾಲಿನಲ್ಲೇ ಜೋಡಿಸಿಟ್ಟಿದ್ದಳು. ಕಡ್ಡಿ ಎರಡನ್ನೂ ತಾತನ ಕೈಗೆ ಕೊಟ್ಟು, “ಒಂದೇ ಒಂದ್ ರೌಂಡ್ ತಾತ. ಬರ್ತ್‌ಡೇ ಸ್ಪೆಷಲ್” ಅಂದಳು. ಕಡ್ಡಿ ಕೊಟ್ಟರೆ ಬೇಡ ಅಂದವರಲ್ಲ ಅವರು. ಜ್ವರ ಇದ್ದಾಗ, ಮನೆಯಲ್ಲಿ ಜಗಳ ನಡೆಯುತ್ತಿದ್ದಾಗ, ತಮ್ಮ ಮದುವೆಯ ದಿನವೂ ಬಾರಿಸಿದವರು. ಕಡ್ಡಿಗಳನ್ನು ತೆಗೆದುಕೊಂಡರು. ಬಿಳಿ ಚರ್ಮದಂತೆ ಹೊಳೆಯುತ್ತಿದ್ದ ಡ್ರಮ್ಮನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಡ್ಡಿಗಳನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು, ಅದರ ಮೇಲೆ ಎರಡೂ ಅಂಗೈ ಮುಚ್ಚಿದರು.

“ಇವತ್ತೊಂದ್ ದಿನ ಬ್ಯಾಡ ಕಣವ್ವ. ನಾಳಿಕ್ಕೆ ಬಾರುಸ್ತೀನಿ” ಅಂದರು. “ಇವತ್ತು ಆ ಕರಾನೂವೆ ಉಟ್ಟಿದ್ ದಿನ.”